ಅರಸಾಳಿನ ಒಂದು ನಿಮಿಷ ಕಾಯಂ ಆಗಲಿ

ಮಾನ್ಯ ಸಂಪಾದಕರೇ,

ನಾನು ಶಿವಮೊಗ್ಗ ಜಿಲ್ಲೆಯ ರಿಪ್ಪನ್‌ಪೇಟೆಯಲ್ಲಿ ಆಟೋ ಓಡಿಸುವವನು. ಬೆಂಗಳೂರು ದಾರಿಯಾಗಿ ಬರುವ ಮೈಸೂರು–ತಾಳಗುಪ್ಪ ರೈಲಿಗೆ ಬೆಳಗಿನ ಜಾವ ಅರಸಾಳು ನಿಲ್ದಾಣದ ಹೊರಗೆ ಕಾದು ನಿಂತರೆ ದಿನದ ಬೋಣಿ ಆದ ಹಾಗೆ. ಆಟೋದಲ್ಲಿ ಆರ್‌.ಸಿ., ಇನ್ಶೂರೆನ್ಸ್ ಇಡುವ ಪ್ಲಾಸ್ಟಿಕ್ ಕವರಿನೊಳಗೆ ಪತ್ರಿಕೆಯ ಕೆಲವು ಚೂರುಗಳನ್ನೂ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಎಲ್ಲವೂ ಒಳಪುಟದ ಮೂಲೆಯ ನಾಲ್ಕು ಸಾಲಿನ ಸುದ್ದಿ. ಎಲ್ಲದರ ಒಕ್ಕಣೆಯೂ ಒಂದೇ: ಕುಂಸಿ, ಅರಸಾಳು ನಿಲ್ದಾಣಗಳಲ್ಲಿ ಎಕ್ಸ್‌ಪ್ರೆಸ್ ರೈಲುಗಳ ತಾತ್ಕಾಲಿಕ ನಿಲುಗಡೆ ವಿಸ್ತರಣೆ. ತಾರೀಕು ಮಾತ್ರ ಬೇರೆ ಬೇರೆ.

ನಿಲ್ಲುವುದು ಒಂದು ನಿಮಿಷ. ಆ ಒಂದು ನಿಮಿಷಕ್ಕೆ ಮತ್ತೆ ಮತ್ತೆ ಅವಧಿ, ಮತ್ತೆ ಮತ್ತೆ ವಿಸ್ತರಣೆ. ಬೇಸಾಯದ ಎತ್ತನ್ನು ದಿನಕ್ಕಿಷ್ಟು ಎಂದು ಬಾಡಿಗೆಗೆ ತಂದ ಹಾಗಾಯಿತು ನಮ್ಮ ಕತೆ.

ಹೇಗೂ ಮುಂದುವರಿಸುತ್ತಾರಲ್ಲ, ಇವನದ್ದೇನು ತಕರಾರು ಎಂದು ಓದುಗರು ಕೇಳಬಹುದು. ತಕರಾರು ಟಿಕೆಟಿನದ್ದು. ರಿಸರ್ವೇಶನ್ ತೆರೆಯುವುದು ಅರವತ್ತು ದಿನ ಮೊದಲು. ನಿಲುಗಡೆಯ ಅವಧಿ ಮುಗಿಯುವ ಹೊತ್ತಿಗೆ, ಅದರಾಚೆಯ ತಾರೀಕಿಗೆ ಅರಸಾಳು ಅಂತ ಟಿಕೆಟ್ ಮಾಡಿಸಲು ಯಾರಿಗೆ ಧೈರ್ಯ ಬರುತ್ತದೆ? ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗರು ನನಗೇ ಫೋನ್ ಮಾಡುತ್ತಾರೆ: ‘ಅಣ್ಣಾ, ಮುಂದಿನ ತಿಂಗಳೂ ಗಾಡಿ ನಿಲ್ತದಾ?’ ನಾನೇನು ರೈಲ್ವೆ ಮಂತ್ರಿಯೇ? ಯಾವುದಕ್ಕೂ ಇರಲಿ ಅಂತ ಅವರು ಆನಂದಪುರಕ್ಕೋ ಸಾಗರಕ್ಕೋ ಟಿಕೆಟ್ ಮಾಡಿಸಿ, ಗಾಡಿ ನಿಂತರೆ ಅರಸಾಳಿನಲ್ಲೇ ಇಳಿದುಬಿಡುತ್ತಾರೆ. ಇಳಿದದ್ದು ನಮ್ಮಲ್ಲಿ, ದುಡ್ಡು ಜಮೆಯಾದದ್ದು ಮುಂದಿನ ಸ್ಟೇಷನ್ನಿನ ಹೆಸರಿಗೆ. ಪ್ರಾಯೋಗಿಕ ನಿಲುಗಡೆ ಉಳಿಯುವುದೋ ಬಿಡುವುದೋ ನಿರ್ಧಾರ ಆಗುವುದು ಆ ನಿಲ್ದಾಣದಲ್ಲಿ ಎಷ್ಟು ಟಿಕೆಟ್ ಹೋಯಿತು ಎಂಬ ಲೆಕ್ಕದ ಮೇಲೆ. ತಾತ್ಕಾಲಿಕ ಎಂಬ ಮಾತೇ ಜನರನ್ನು ಬೇರೆ ಊರಿನ ಟಿಕೆಟ್ ತೆಗೆಯುವ ಹಾಗೆ ಮಾಡಿ, ಕೊನೆಗೆ ಅರಸಾಳಿನಲ್ಲಿ ವ್ಯಾಪಾರವಿಲ್ಲ ಅಂತ ಬರೆದುಕೊಂಡರೆ ಏನು ಹೇಳುವುದು? ನನ್ನ ಆಟೋದಲ್ಲಿ ಕೂತವರ ಟಿಕೆಟ್ ನೋಡಿಯೇ ಈ ಮಾತು ಬರೆಯುತ್ತಿದ್ದೇನೆ.

ಈ ನಿಲ್ದಾಣವನ್ನು ಚಿಕ್ಕಂದಿನಿಂದ ನೋಡಿದವನು ನಾನು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ಕಾಡು ಸೀಳಿಕೊಂಡು ತಾಳಗುಪ್ಪ ಮುಟ್ಟಿದ್ದು ಆಮೇಲೆ, ಅದೂ ಮೈಸೂರು ಅರಸರ ಕಾಲದಲ್ಲೇ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಶಂಕರ್‌ನಾಗ್ ಇಲ್ಲಿಗೆ ‘ಮಾಲ್ಗುಡಿ ಡೇಸ್’ ಶೂಟಿಂಗಿಗೆ ಬಂದರು. ಊರಿನ ಭಾಗವೆಲ್ಲ ಆಗುಂಬೆಯಲ್ಲಿ. ಆಗುಂಬೆಗೆ ರೈಲೆಲ್ಲಿದೆ? ಹಾಗಾಗಿ ಸ್ಟೇಷನ್ನಿಗೆ ನಮ್ಮ ಅರಸಾಳು. ಶಾಲೆ ತಪ್ಪಿಸಿ ಹೋಗಿ ಬೇಲಿಯಾಚೆ ನಿಂತು ನೋಡಿದೆವು. ನಮ್ಮೂರಿನ ಬೋರ್ಡಿನ ಮೇಲೆ ಬೇರೆ ಊರಿನ ಹೆಸರು ಕಂಡು ಅಜ್ಜಿಗೆ ಹೇಳಿದರೆ ಅವಳು ನಂಬಲೇ ಇಲ್ಲ. ಮೀಟರ್ ಗೇಜಿನ ಕೊನೆಗಾಲಕ್ಕೆ ಉಳಿದದ್ದು ರೈಲ್‌ಬಸ್ಸು. ಒಂದೇ ಡಬ್ಬಿ, ನೋಡಲು ಥೇಟ್ ಬಸ್ಸೇ. ಗೇಟು ಬಂದಲ್ಲಿ ನಿಲ್ಲಿಸಿ, ಒಳಗಿದ್ದ ಸಿಬ್ಬಂದಿಯೇ ಇಳಿದು ಗೇಟು ಹಾಕಿ, ದಾಟಿದ ಮೇಲೆ ತೆಗೆದು, ಓಡಿ ಬಂದು ಹತ್ತುತ್ತಿದ್ದರು. ಮಳೆಗಾಲದಲ್ಲಿ ಆ ಮನುಷ್ಯನ ಅವಸ್ಥೆ ಕಂಡು ನಮಗೆ ನಗು ಬರುತ್ತಿತ್ತು, ಪಾಪ.

ಆ ಮೇಲೆ ಬ್ರಾಡ್‌ಗೇಜ್ ಕೆಲಸವೆಂದು ಹಳಿ ಕಿತ್ತರು. ತಾಳಗುಪ್ಪದವರೆಗೆ ಮತ್ತೆ ರೈಲು ಓಡಿದ್ದು 2011ರಲ್ಲಿ. ಹೊಸ ಕಟ್ಟಡ ಎದ್ದಿತು, ಹಳೆಯ ಹಂಚಿನ ಸ್ಟೇಷನ್ ಪಾಳು ಬಿತ್ತು. ಅದನ್ನು ದುರಸ್ತಿ ಮಾಡಿ, 2020ರ ಆಗಸ್ಟಿನಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದು ಒಳ್ಳೆಯ ಕೆಲಸ. ಅಂದು ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಇದಕ್ಕೂ ರೂಪ ಕೊಟ್ಟರು. ಹಳೆಯ ಮೀಟರ್ ಗೇಜ್ ಬೋಗಿಯೊಂದು ಈಗ ‘ಮಾಲ್ಗುಡಿ ಚಾಯ್’ ಅಂಗಡಿ. ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ನಾನೂ ಕರೆದೊಯ್ದಿದ್ದೇನೆ, ಬಾಡಿಗೆಯೂ ಸಿಕ್ಕಿದೆ, ಸುಳ್ಳು ಹೇಳಬಾರದು. (ಮೈಸೂರು–ಯಲಹಂಕ ರೈಲಿಗೆ ಮಾಲ್ಗುಡಿ ಎಕ್ಸ್‌ಪ್ರೆಸ್ ಅಂತ ಹೆಸರಿಟ್ಟಿದ್ದರು. ಅದಕ್ಕೂ ನಮ್ಮ ಸ್ಟೇಷನ್ನಿಗೂ ಎತ್ತಣಿಂದೆತ್ತ ಸಂಬಂಧ!)

ಆದರೆ ಬೆಳಗಿನ ಜಾವ ಇಳಿಯುವವರು ಫೋಟೋದವರಲ್ಲ. ಆಸ್ಪತ್ರೆಗೆ ತೋರಿಸಿಕೊಂಡು ಬಂದ ವಯಸ್ಸಾದವರು, ಹಬ್ಬಕ್ಕೆ ಬರುವ ಮಕ್ಕಳು, ಅಡಿಕೆಯ ಕೊನೆಕೊಯ್ಲಿಗೆ ರಜೆ ಹಾಕಿ ಬರುವವರು, ಹೊಂಬುಜದ ಪದ್ಮಾವತಿ ದೇವಿಯ ದರ್ಶನಕ್ಕೆ ಬರುವ ಜೈನ ಯಾತ್ರಿಕರು. ಹೊಸನಗರ ತಾಲ್ಲೂಕಿನ ನಮ್ಮ ಕಡೆಯವರಿಗೆಲ್ಲ ಹತ್ತಿರದ ರೈಲು ಇದೇ. ಇಲ್ಲಿ ನಿಲ್ಲದಿದ್ದರೆ ಆನಂದಪುರಕ್ಕೆ ಹೋಗಿ, ಬಂದ ದಾರಿಯಲ್ಲೇ ಅರ್ಧ ವಾಪಸ್ ಬರಬೇಕು. ನನಗೇನೋ ಬಾಡಿಗೆ ಜಾಸ್ತಿಯೇ ಸಿಗುತ್ತದೆ. ಮಂಡಿನೋವಿನ ಮುದುಕಿಯಿಂದ ಆ ದುಡ್ಡು ಇಸಿದುಕೊಳ್ಳಲು ಕೈ ಬರುವುದಿಲ್ಲ, ಅಷ್ಟೇ.

ಸಂಬಂಧಪಟ್ಟವರಲ್ಲಿ ಕೇಳುವುದು ಇಷ್ಟು: ಬೆಂಗಳೂರು–ತಾಳಗುಪ್ಪ, ಮೈಸೂರು–ತಾಳಗುಪ್ಪ ಎಕ್ಸ್‌ಪ್ರೆಸ್ಸುಗಳ ಅರಸಾಳು, ಕುಂಸಿ ನಿಲುಗಡೆಯನ್ನು ಕಾಯಂ ವೇಳಾಪಟ್ಟಿಗೇ ಸೇರಿಸಿ. ಅದು ತಡವಾಗುವುದಾದರೆ ವಿಸ್ತರಣೆಯ ಆದೇಶವನ್ನಾದರೂ ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ಹೊರಡಿಸಿ, ರಿಸರ್ವೇಶನ್ ತೆರೆಯುವ ದಿನಕ್ಕೆ ಅರಸಾಳಿನ ಹೆಸರು ಪಟ್ಟಿಯಲ್ಲಿರಲಿ. ಆಮೇಲೆ ಬೇಕಾದರೆ ಟಿಕೆಟ್ ಎಣಿಸಲಿ.

ಹೋದ ವಾರ ಬೆಂಗಳೂರಿನಿಂದ ಒಬ್ಬಳು ಹುಡುಗಿ ದೀಪಾವಳಿಗೆ ಟಿಕೆಟ್ ಎಲ್ಲಿಗೆ ಮಾಡಿಸಲಿ ಅಂತ ಕೇಳಿದಳು. ‘ಸದ್ಯಕ್ಕೆ ಆನಂದಪುರಕ್ಕೇ ಮಾಡ್ಸು ತಂಗಿ, ಶಿವಮೊಗ್ಗ ಬಿಟ್ಟ ಮೇಲೆ ಒಂದು ಮಿಸ್ಡ್ ಕಾಲ್ ಕೊಡು’ ಅಂದಿದ್ದೇನೆ.

– ಒಬ್ಬ ಆಟೋ ಚಾಲಕ, ರಿಪ್ಪನ್‌ಪೇಟೆ