ಪಪ್ಪಾಯಿಯ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳು

ಸರಸ್ವತಿಪುರಂ, ಮೈಸೂರು

ಮೂರನೆಯ ಬೆಂಚಿನ ಮಹಾರಾಣಿಯವರಿಗೆ,

ನಾವು ಕ್ಷೇಮ. ನಿನ್ನ ಕ್ಷೇಮಕ್ಕೆ ಕಾಗದ ಬರೆ ಎಂದು ಕೇಳಬೇಕಾದ ಕಾಲ ಹೋಯಿತು. ಬೆಳಿಗ್ಗೆ ಆರಕ್ಕೇ ಮಂಡ್ಯದಿಂದ ಬಂದು ಬೀಳುವ ಸೂರ್ಯೋದಯದ ಚಿತ್ರಗಳೇ ಅದಕ್ಕೆ ಸಾಕ್ಷಿ. ಮೂವತ್ತಾರು ವರ್ಷ ಅಂಚೆ ಕಚೇರಿಯಲ್ಲಿ ಊರವರ ಪತ್ರಗಳಿಗೆ ಮೊಹರು ಒತ್ತಿದವಳು ನಾನು, ಇಷ್ಟುದ್ದದ ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿ ಕಳಿಸುವುದೇ ನನ್ನ ವೃತ್ತಿಗೆ ತಕ್ಕ ಧರ್ಮ. ಆದರೆ ಹಾಗೆ ಕಳಿಸಿದರೆ ನೀನೊಬ್ಬಳೇ ಓದಿ, ಫೋನು ಮಾಡಿ, ನಾನು ಬಾಯಿ ತೆರೆಯುವ ಮುಂಚೆಯೇ ನಕ್ಕು ಮುಗಿಸಿಬಿಡುತ್ತೀಯೆ. ನಾಲ್ಕು ಜನರ ಎದುರು ಬರೆದರೆ ನೀನೂ ಸ್ವಲ್ಪ ಗಂಭೀರವಾಗಿ ಓದಬೇಕಾಗುತ್ತದೆ, ನಾನೂ ಸ್ವಲ್ಪ ಚೆನ್ನಾಗಿ ಬರೆಯಬೇಕಾಗುತ್ತದೆ. ಹಸಿರು ಕೊಡೆಯ ಸಂಗತಿಯನ್ನು ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ನೀನು ಕೇಳಿದ್ದು ಸಣ್ಣ ಪ್ರಶ್ನೆ. ಮುಂದಿನ ತಿಂಗಳು ಮಗನ ಆರತಕ್ಷತೆಗೆ ಮುಖಕ್ಕೆ ಏನು ಮಾಡಿಕೊಳ್ಳಲಿ, ಮದುಮಗಳಿಗೆಂದು ಬರುವ ಪಾರ್ಲರಿನ ಹುಡುಗಿಯ ಕೈಗೇ ನನ್ನನ್ನೂ ಒಪ್ಪಿಸಿಕೊಂಡುಬಿಡಲೇ ಎಂದು ಕೇಳಿದ್ದೆ. ಒಪ್ಪಿಸಿಕೋ, ಆದರೆ ಬಾಯಿ ಮುಚ್ಚಿಕೊಂಡು ಕೂರಬೇಡ. ಆ ಹುಡುಗಿಯರು ಕೆಲಸ ಕಲಿತಿರುವುದೆಲ್ಲ ಇಪ್ಪತ್ತೈದರ ಮುಖಗಳ ಮೇಲೆ. ನಮ್ಮಂಥವರ ಮುಖ ಸಿಕ್ಕಾಗ ಅದೇ ಪಾಠವನ್ನು ಎರಡು ಪದರ ದಪ್ಪವಾಗಿ ಒಪ್ಪಿಸುತ್ತಾರೆ. 2017ರಲ್ಲಿ ನಮ್ಮಣ್ಣನ ಮಗಳ ಮದುವೆಯ ದಿನ ನನಗಾದದ್ದು ನಿನಗೆ ನೆನಪಿರಬೇಕು. ಫೌಂಡೇಶನ್ ಬಳಿದು, ಅದು ಕದಲದಿರಲೆಂದು ಮೇಲೆ ಪೌಡರ್ ಒತ್ತಿ ಒತ್ತಿ ಕೂರಿಸಿದ್ದಳು. ಧಾರೆಯ ಹೊತ್ತಿಗೆ ಅದೆಲ್ಲ ಕಣ್ಣಿನ ಕೆಳಗಿನ ಗೆರೆಗಳಿಗೆ ಇಳಿದು, ಬಿರುಕು ಬಿಟ್ಟ ಅಂಗಳದಲ್ಲಿ ಯಾರೋ ರಂಗೋಲಿ ಹಿಟ್ಟು ಚೆಲ್ಲಿದಂತೆ ಕಾಣುತ್ತಿತ್ತು. ಕುತ್ತಿಗೆ ನನ್ನದು, ಮುಖ ಇನ್ಯಾರದೋ.

ಆದ್ದರಿಂದ ಮೊದಲು ಪೌಡರ್ ಡಬ್ಬಿಯನ್ನು ದೂರವಿಡು. ನಮ್ಮ ಕಾಲೇಜಿನ ದಿನಗಳಲ್ಲಿ ಪಫ್‌ನಿಂದ ಟಪಟಪನೆ ಬಡಿದುಕೊಂಡು ಹೊರಟರೆ ಅಲಂಕಾರ ಮುಗಿಯುತ್ತಿತ್ತು, ಏಕೆಂದರೆ ಆಗ ಮುಖದಲ್ಲಿ ಎಣ್ಣೆ ಇತ್ತು, ಅದನ್ನು ಹೀರಲು ಪೌಡರ್ ಬೇಕಿತ್ತು. ಈಗ ಹೀರಲು ಏನೂ ಇಲ್ಲದಿರುವಾಗ ಅದು ಸುಮ್ಮನೆ ಗೆರೆಗಳಲ್ಲಿ ಕೂತು, ಇಲ್ಲಿ ಗೆರೆಯಿದೆ ನೋಡಿ ಎಂದು ಊರಿಗೆ ತೋರಿಸುತ್ತದೆ. ಫೌಂಡೇಶನ್ ಬೇಕೇಬೇಕೆಂದರೆ ನೀರಾಗಿರುವುದನ್ನು, ಕಲೆಯಿರುವ ಜಾಗಕ್ಕೆ ಮಾತ್ರ, ಬೆರಳಿನಿಂದ ತಟ್ಟಿ ಹಚ್ಚಿಸಿಕೋ. ಬಣ್ಣವನ್ನು ಮಣಿಕಟ್ಟಿನ ಮೇಲೆ ನೋಡಿ ಕೊಳ್ಳಬೇಡ. ದವಡೆಯ ಅಂಚಿಗೆ ಹಚ್ಚಿ, ಅಂಗಡಿಯ ಬಾಗಿಲಿಗೆ ಬಂದು ಬಿಸಿಲಿನಲ್ಲಿ ನೋಡು, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡು, ಏಕೆಂದರೆ ಗಾಳಿ ತಾಗಿದ ಮೇಲೆ ಕೆಲವು ಕಪ್ಪಾಗುತ್ತವೆ. ಕೆನ್ನೆಗೂ ಪುಡಿ ಬೇಡ, ಕ್ರೀಮಿನಂಥದ್ದು ಒಂದು ಚುಕ್ಕೆ ಸಾಕು. ಮಿರಮಿರ ಮಿನುಗುವುದನ್ನು ರೆಪ್ಪೆಯ ಮೇಲೆ ಹಚ್ಚಲು ಬಂದರೆ ಕೈ ಹಿಡಿದು ನಿಲ್ಲಿಸು. ಆ ಹೊಳಪು ರೆಪ್ಪೆಯ ಸುಕ್ಕನ್ನೇ ಎತ್ತಿ ತೋರಿಸುತ್ತದೆ. ಕೆಳಗಣ್ಣಿನ ಕಾಡಿಗೆ ಊಟದ ಹೊತ್ತಿಗೆ ಕೆನ್ನೆಗೆ ಇಳಿಯುವುದರಿಂದ ಮೇಲಿನ ರೆಪ್ಪೆಯ ಅಂಚಿಗೆ ಮಾತ್ರ ಒಂದು ಎಳೆ. ಹುಬ್ಬು ತೆಳುವಾಗಿದ್ದರೆ ಕಂದು ಪೆನ್ಸಿಲ್, ಅಚ್ಚ ಕಪ್ಪಂತೂ ಬೇಡ, ಯಕ್ಷಗಾನದ ವೇಷವಾಗುತ್ತದೆ. ತುಟಿಯ ಸುತ್ತ ಸಣ್ಣ ಗೆರೆಗಳಿದ್ದರೆ ಲಿಪ್‌ಸ್ಟಿಕ್ ಅವುಗಳ ಮೂಲಕ ಕಾಲುವೆ ನೀರಿನಂತೆ ಹರಿಯುತ್ತದೆ, ಅದಕ್ಕೆ ಅದೇ ಬಣ್ಣದ ಪೆನ್ಸಿಲಿನಿಂದ ಮೊದಲು ಒಡ್ಡು ಹಾಕಬೇಕು. ಕಾವೇರಿ ನಾಲೆಯ ಊರಿನವಳಿಗೆ ಒಡ್ಡಿನ ವಿಷಯ ನಾನು ಹೇಳಬೇಕಿಲ್ಲ.

ತಲೆಗೆ ಬಣ್ಣ ಹಾಕುವುದಾದರೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡು. ಮತ್ತು ದಯವಿಟ್ಟು ಸ್ಟಿಕರ್ ಬೊಟ್ಟನ್ನು ಬಿಡು. ಕೆಲವು ಬೊಟ್ಟುಗಳ ಅಂಟಿನಲ್ಲಿರುವ ರಾಸಾಯನಿಕ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಕೊಲ್ಲುತ್ತದೆ. ಹಣೆಯ ನಡುವೆ ಬೊಟ್ಟಿನಷ್ಟೇ ಅಗಲದ ಬಿಳಿ ಮಚ್ಚೆ ಉಳಿದುಬಿಡುತ್ತದೆ. ಕಳೆದ ಬಾರಿ ಫೋನಿನಲ್ಲಿ ನೀನು ಹೇಳಿದ ಮಚ್ಚೆ ಅದೇ ಇರಬೇಕೆಂದು ನನ್ನ ಗುಮಾನಿ, ಒಮ್ಮೆ ಡಾಕ್ಟರಿಗೆ ತೋರಿಸು.

ಇನ್ನು ಬಣ್ಣದ ಕೆಳಗಿನ ಚರ್ಮ. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲೇ ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜನ್ ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆಯಂತೆ. ಇದನ್ನು ಕೇಳಿದಾಗ ನನಗೆ ದುಃಖಕ್ಕಿಂತ ಸಿಟ್ಟು ಬಂತು, ಏಕೆಂದರೆ ಆ ಐದು ವರ್ಷ ನಾನು ಬಿಸಿನೀರು, ಸೋಪು, ಕಡಲೆಹಿಟ್ಟು ಎಂದು ಮುಖವನ್ನು ಹಿತ್ತಾಳೆ ಚೊಂಬಿನಂತೆ ತಿಕ್ಕಿದ್ದೆ. ಚರ್ಮದ ಸ್ವಭಾವ ಸ್ವಲ್ಪ ಹುಳಿ, ಅದರ ಪಿಎಚ್ ಸುಮಾರು 5.5, ಸಾಮಾನ್ಯ ಸೋಪಿನ ಸ್ವಭಾವ ಕ್ಷಾರ, ಸುಮಾರು 9ರಿಂದ 10. ಹರೆಯದಲ್ಲಿ ಈ ಜಗಳವನ್ನು ಚರ್ಮ ಸಂಭಾಳಿಸಿಕೊಳ್ಳುತ್ತದೆ, ಈಗ ಆಗುವುದಿಲ್ಲ. ಮುಖಕ್ಕೆ ಸೋಪು ಬೇಡ ಎಂದು ಡಾಕ್ಟರು ಹೇಳಿದ ದಿನ ನನಗೆ ಊರಿಗೇ ದ್ರೋಹ ಬಗೆದಂತಾಯಿತು. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಸಾಗಿಸಲಾಗದೆ ಉಳಿದುಹೋದಾಗ, ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರು ಸ್ಯಾಂಡಲ್ ಸೋಪು ನಮ್ಮದು. ನನ್ನಮ್ಮ ಅದರ ಕಾಗದವನ್ನೂ ಎಸೆಯದೆ ಸೀರೆಗಳ ನಡುವೆ ಇಡುತ್ತಿದ್ದಳು. ಈಗ ನಾನು ಇಡೀ ಸೋಪನ್ನೇ ಸೀರೆಗಳ ನಡುವೆ ಇಟ್ಟಿದ್ದೇನೆ. ಕೈಕಾಲಿಗೆ ಅದೇ, ಮುಖಕ್ಕೆ ನೊರೆ ಬಾರದ ಒಂದು ಕ್ಲೆನ್ಸರ್. ಅದರ ಮೇಲೆ, ಮುಖ ಇನ್ನೂ ಒದ್ದೆಯಿರುವಾಗಲೇ, ಗ್ಲಿಸರಿನ್ ಮತ್ತು ಸೆರಮೈಡ್ (ಚರ್ಮದಲ್ಲೇ ಇರುವಂಥ ಜಿಡ್ಡಿನ ಅಂಶ) ಇರುವ ಮಾಯಿಶ್ಚರೈಸರ್. ಬೆಲೆ ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬುದು ಸೀರೆಗೆ ಸ್ವಲ್ಪಮಟ್ಟಿಗೆ ನಿಜ, ಕ್ರೀಮಿಗೆ ಅಷ್ಟೂ ನಿಜವಲ್ಲ.

ಸನ್‌ಸ್ಕ್ರೀನ್ ಬಗ್ಗೆ ನೀನು ಮೂಗು ಮುರಿಯುತ್ತೀಯೆ. ಎಸ್‌ಪಿಎಫ್ 30 ಎಂದರೆ ಮುಖ ಸುಡುವ ಕಿರಣಗಳಲ್ಲಿ ಸುಮಾರು ಶೇ. 97ನ್ನು ತಡೆಯುತ್ತದೆ, 50 ಎಂದರೆ ಸುಮಾರು ಶೇ. 98ನ್ನು, ಆದ್ದರಿಂದ ಅಂಕಿಗೆ ಹೆಚ್ಚು ದುಡ್ಡು ಕೊಡುವುದಕ್ಕಿಂತ ಎರಡು ಬೆರಳುದ್ದ ಧಾರಾಳವಾಗಿ ಹಚ್ಚುವುದು ಮುಖ್ಯ. ನಮ್ಮಂಥ ಬಣ್ಣದವರಿಗೆ, ಬಂಗು ಇರುವವರಿಗೆ, ಐರನ್ ಆಕ್ಸೈಡ್ ಸೇರಿದ ಮಣ್ಣುಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು, ಏಕೆಂದರೆ ಬಂಗನ್ನು ಕಪ್ಪಾಗಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲೂ ಇದೆ. ಅದೇ ತೆಳುವಾದ ಫೌಂಡೇಶನ್ನಿನಂತೆಯೂ ಕೂರುತ್ತದೆ. ರೆಟಿನಾಲ್ ಎಂದು ನಿನ್ನ ಸೊಸೆಯಾಗುವವಳು ಹೇಳಿದಳಲ್ಲ, ಸುಕ್ಕಿಗೆ ಹಚ್ಚುವ ವಿಟಮಿನ್ ಎ ಬಗೆಯದ್ದು, ಅದು ಒಳ್ಳೆಯದೇ, ಆದರೆ ಬಟಾಣಿ ಕಾಳಿನಷ್ಟನ್ನು ವಾರಕ್ಕೆ ಎರಡು ರಾತ್ರಿ ಹಚ್ಚಿ ಶುರು ಮಾಡಬೇಕು, ಮತ್ತು ಮದುವೆಯ ತಿಂಗಳಲ್ಲಿ ಖಂಡಿತ ಶುರು ಮಾಡಬಾರದು. ಮೊದಮೊದಲು ಸಿಪ್ಪೆ ಏಳುತ್ತದೆ. ನನಗಂತೂ ಸದ್ಯಕ್ಕೆ ಅದನ್ನು ಮುಟ್ಟಬಾರದೆಂದು ಹೇಳಿದ್ದಾರೆ.

ಏಕೆ ಎಂದು ನೀನು ಕೇಳುವ ಮುಂಚೆ ಬೇರೊಂದು ವಿಷಯ ಹೇಳುತ್ತೇನೆ.

ಕಳೆದ ನವೆಂಬರಿನಲ್ಲಿ ಪಿಂಚಣಿಗಾಗಿ ನಾನು ಬದುಕಿರುವುದನ್ನು ಸರ್ಕಾರಕ್ಕೆ ಸಾಬೀತು ಮಾಡಬೇಕಿತ್ತು. ಮೊಹರು ಒತ್ತಿ, ನೋಟು ಎಣಿಸಿ ನನ್ನ ಹೆಬ್ಬೆರಳಿನ ಗೆರೆಗಳು ಎಷ್ಟು ಸವೆದಿವೆಯೆಂದರೆ ಯಂತ್ರ ಅವನ್ನು ಒಪ್ಪುವುದಿಲ್ಲ. 2021ರಿಂದ ಮುಖ ತೋರಿಸಿದರೂ ಸಾಕು ಎಂದಾಗಿದೆಯಲ್ಲ, ಕೆಳಗಿನ ಮನೆಯ ಇಂಜಿನಿಯರಿಂಗ್ ಹುಡುಗ ಫೋನು ಹಿಡಿದುಕೊಂಡು ಬಂದ. ಅವನನ್ನು ಹತ್ತು ನಿಮಿಷ ಹಾಲ್‌ನಲ್ಲಿ ಕೂರಿಸಿ, ನಾನು ಒಳಗೆ ಹೋಗಿ ಆ ಮಣ್ಣುಬಣ್ಣದ್ದನ್ನು ಹಚ್ಚಿ, ಹುಬ್ಬು ತಿದ್ದಿ, ತುಟಿಗೆ ಬಣ್ಣ ಬಳಿದುಕೊಂಡು ಬಂದೆ. ಜೀವಂತವಿದ್ದೇನೆ ಎನ್ನುವುದಕ್ಕೆ ಲಿಪ್‌ಸ್ಟಿಕ್ಕಿನ ಅಗತ್ಯ ಯಾವ ಸುತ್ತೋಲೆಯಲ್ಲೂ ಇಲ್ಲ, ಅದು ನನಗೆ ಚೆನ್ನಾಗಿ ಗೊತ್ತು. "ಆಂಟಿ, ಕಣ್ಣು ಮಿಟುಕಿಸಿ" ಎಂದ, ಮಿಟುಕಿಸಿದೆ, ಆಯಿತು. ಹುಡುಗ ಹೋದ ಮೇಲೆ ಹೊಳೆಯಿತು: ಅದು ನನ್ನ ಮುಖವನ್ನು ಹೋಲಿಸಿ ನೋಡಿದ್ದು ಆಧಾರ್ ಫೋಟೋದ ಜೊತೆ. 2012ರ ಫೋಟೋ ಅದು, ಎರಡು ಕೆನ್ನೆಗೂ ಬಂಗು ಹರಡಿಕೊಂಡಿದ್ದ ಮುಖ. ಯಾವ ಮುಖವನ್ನು ಅಳಿಸಬೇಕೆಂದು ನಾನು ಆರು ವರ್ಷ ಹೆಣಗಿದೆನೋ, ಅದನ್ನೇ ಇಟ್ಟುಕೊಂಡು, ಹೌದು ಇವಳೇ ಎಂದಿತು ಯಂತ್ರ.

ಆರು ವರ್ಷ ಎಂದು ಬರೆದುಬಿಟ್ಟೆ. ಡಾಕ್ಟರಿಗೆ ಮೂರು ತಿಂಗಳು ಎಂದಿದ್ದೆ.

ಅಣ್ಣನ ಮಗಳ ಮದುವೆಯ ಫೋಟೋ ಬಂದಾಗ ನಮ್ಮವರು ಕನ್ನಡಕ ಏರಿಸಿಕೊಂಡು ನೋಡಿ, "ನಿನ್ನ ಗೆಳತಿಗೆ ವಯಸ್ಸೇ ಆಗಿಲ್ಲವಲ್ಲೇ" ಎಂದರು. ಅಷ್ಟೇ. ಮರುಕ್ಷಣ ಕಾಫಿ ಕೇಳಿದರು, ಇವತ್ತು ಕೇಳಿದರೆ ಅವರಿಗೆ ನೆನಪೂ ಇರಲಿಕ್ಕಿಲ್ಲ. ಆ ಫೋಟೋದಲ್ಲಿ ನೀನು ಕುಂಕುಮ, ಒಂದು ಮೊಳ ಮಲ್ಲಿಗೆ ಬಿಟ್ಟರೆ ಏನೂ ಇಲ್ಲದೆ ನಿಂತಿದ್ದೀಯೆ, ಪಕ್ಕದಲ್ಲಿ ರಂಗೋಲಿ ಹಿಟ್ಟಿನ ನಾನು. ಎರಡು ದಿನ ಕಳೆದು ಔಷಧಿ ಅಂಗಡಿಗೆ ಹೋಗಿ ಬಂಗಿಗೆ ಏನಾದರೂ ಕೊಡಿ ಎಂದೆ. ಚೀಟಿ ಕೇಳದೆ ಒಂದು ಟ್ಯೂಬ್ ಕೊಟ್ಟರು. ಮೂರು ವಾರದಲ್ಲಿ ಮುಖ ಎಂಥ ಹೊಳಪಾಯಿತೆಂದರೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗಿನವರು ನಿಲ್ಲಿಸಿ ಕೇಳತೊಡಗಿದರು. ನೀನೂ ಕೇಳಿದೆ. ನಾನು ಪಪ್ಪಾಯಿ ಎಂದೆ.

ಪಪ್ಪಾಯಿ ಇರಲಿಲ್ಲ, ಮಹರಾಯಿತಿ. ಒಂದು ಹೋಳೂ ಇರಲಿಲ್ಲ. ನೀನು ನನ್ನ ಮಾತು ನಂಬಿ ಹದಿನೈದು ದಿನ ಕಾಯಿ ಪಪ್ಪಾಯಿ ಉಜ್ಜಿ ಮುಖವೆಲ್ಲ ದದ್ದು ಎಬ್ಬಿಸಿಕೊಂಡೆ. ಇಷ್ಟು ವರ್ಷ ಅದನ್ನು ಹಾಸ್ಯದ ಕಥೆ ಮಾಡಿ ಮದುವೆ ಮನೆಗಳಲ್ಲೆಲ್ಲ ನಾನೇ ಹೇಳಿಕೊಂಡು ನಕ್ಕಿದ್ದೇನೆ. ಆ ದದ್ದಿನ ಸುದ್ದಿ ಕೇಳಿದಾಗ ನನಗೆ ಮೊದಲು ಆದದ್ದು ಸಂಕಟವಲ್ಲ. ಏನಾಯಿತೆಂದು ಬರೆಯುವುದಿಲ್ಲ, ನಿನಗೆ ಗೊತ್ತಾಗುತ್ತದೆ.

ಆ ಟ್ಯೂಬಿನಲ್ಲಿ ಇದ್ದದ್ದು ಮೂರು ವಸ್ತು: ಕಲೆಯ ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್, ರೆಟಿನಾಲ್‌ಗಿಂತ ಬಲವಾದ ಅದರ ಅಕ್ಕ ಟ್ರೆಟಿನಾಯಿನ್, ಜೊತೆಗೆ ಒಂದು ಸ್ಟೀರಾಯ್ಡ್. ಡಾಕ್ಟರ ಕಣ್ಣಳತೆಯಲ್ಲಿ ಕೆಲವು ವಾರ ಹಚ್ಚಬೇಕಾದ ಔಷಧಿ. ವರ್ಷಗಟ್ಟಲೆ ಹಚ್ಚಿದರೆ ಸ್ಟೀರಾಯ್ಡ್ ಚರ್ಮವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿಸುತ್ತದೆ, ಒಳಗಿನ ರಕ್ತನಾಳಗಳು ಕೆಂಪು ದಾರದಂತೆ ಕಾಣುತ್ತವೆ, ಗಲ್ಲದ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ, ಆ ಉರಿಗೆ ಹೆದರಿ ಮತ್ತೆ ಹಚ್ಚುತ್ತೇವೆ. ಕಳ್ಳು ಬಿಡಲಾಗದವರನ್ನು ನೋಡಿ ಬಯ್ಯುತ್ತಿದ್ದವಳು ನಾನು. 2023ರಲ್ಲಿ ಚರ್ಮದ ಡಾಕ್ಟರ ಬಳಿ ಹೋದಾಗ ಆಕೆ, ನನ್ನ ಮಗಳ ವಯಸ್ಸಿನವರು, ಭೂತಗನ್ನಡಿ ಹಿಡಿದು ನೋಡಿ "ಎಷ್ಟು ದಿನದಿಂದಮ್ಮ?" ಎಂದರು. ನನ್ನ ಉತ್ತರ ಕೇಳಿ ಏನೂ ಹೇಳದೆ ಮೂರು ತಿಂಗಳು ಎಂದೇ ಬರೆದುಕೊಂಡರು. ಅವರು ನಂಬಲಿಲ್ಲ ಎಂಬುದು ಆ ಕೈಬರಹದಲ್ಲೇ ಕಾಣುತ್ತಿತ್ತು. ಒಮ್ಮೆಗೇ ನಿಲ್ಲಿಸದೆ ಹಂತಹಂತವಾಗಿ ಬಿಡಿಸಿದರು. ಬಂಗು ವಾಪಸ್ಸು ಬಂತು, ಮೊದಲಿಗಿಂತ ಒಂದು ಸುತ್ತು ಹೆಚ್ಚಾಗಿಯೇ.

ಜಗನ್ಮೋಹನ ಅರಮನೆಗೆ ಕ್ಲಾಸು ತಪ್ಪಿಸಿ ಹೋಗಿದ್ದೆವಲ್ಲ, ಹಳದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನೀನು ಟಿಫನ್ ಡಬ್ಬಿಯ ಮುಚ್ಚಳವನ್ನು ದೀಪದಂತೆ ಹಿಡಿದು ನಿಂತು, ಕಾವಲುಗಾರ ಗದರಿಸಿದ್ದ. ಆ ಚಿತ್ರಕ್ಕೆ ನಿಂತಿದ್ದವರು ಕಲಾವಿದನ ಮಗಳೇ, ಕೊಲ್ಹಾಪುರದಲ್ಲಿದ್ದರು. ಅವರು 2018ರಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಓದಿದಾಗ ನಾನು ಟ್ಯೂಬಿನ ಎರಡನೆಯ ವರ್ಷದಲ್ಲಿದ್ದೆ. ಊರಿಗೆ ಬಂದವರೆಲ್ಲ ಆ ದೀಪದ ಬೆಳಕಿನ ಕೆನ್ನೆಯನ್ನು ನೋಡುತ್ತಿದ್ದ ಅಷ್ಟು ದಶಕಗಳೂ ಅವರು ಎಲ್ಲೋ ಕೂತು ಮುದುಕಿಯಾಗುತ್ತಿದ್ದರಲ್ಲ, ಅವರು ಮುಖಕ್ಕೆ ಏನು ಹಚ್ಚಿಕೊಳ್ಳುತ್ತಿದ್ದಿರಬಹುದು ಎಂದು ಯೋಚಿಸುತ್ತ, ಪತ್ರಿಕೆ ಮಡಿಸಿಟ್ಟು, ಎದ್ದು ಹೋಗಿ ಟ್ಯೂಬ್ ಹಚ್ಚಿಕೊಂಡೆ.

ಸಾಕು. ಮೇಕಪ್ಪಿನ ಬಗ್ಗೆ ಕೇಳಿದವಳಿಗೆ ಇಷ್ಟು ಬರೆದೆನಲ್ಲ, ಅಂಚೆಯ ಹಳೆಯ ಲೆಕ್ಕದಲ್ಲಿ ನಿನಗೆ ತೂಕ ಮೀರಿದ ದಂಡ ಬೀಳುತ್ತಿತ್ತು. ಆರತಕ್ಷತೆಗೆ ಎರಡು ದಿನ ಮುಂಚೆಯೇ ಬರುತ್ತೇನೆ, ಪಾರ್ಲರಿನ ಹುಡುಗಿಯ ಮೇಲೆ ನಿಗಾ ಇಡಲು. ಲಿಪ್‌ಸ್ಟಿಕ್ಕಿಗೆ ಇಟ್ಟಿಗೆ ಬಣ್ಣ ನಿನಗೆ ಒಪ್ಪುತ್ತದೆ. ಇದನ್ನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ, ಅಂದರೆ ಹೆಚ್ಚುಕಡಿಮೆ ಇಲ್ಲದೆ. ದಾರಿಯಲ್ಲಿ ನಿನ್ನ ಇಷ್ಟದ ಹಣ್ಣು ತರಬೇಕೆಂದಿದ್ದೆ, ಯಾವುದೆಂದು ಹೇಳಲು ಈಗ ಧೈರ್ಯ ಸಾಲುತ್ತಿಲ್ಲ.

ಇಂತು ನಿನ್ನ,
ಕಿಟಕಿ ಪಕ್ಕದವಳು

ತಾ.ಕ.: ನಮ್ಮವರು ಈ ಕಾಗದ ಓದಿದರು. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಸೆರಮೈಡ್ ಕ್ರೀಮು ಹಿಮ್ಮಡಿಗೂ ಆಗುತ್ತದೆಯೇ?" ಎಂದು ಕೇಳಿದರು. ಎರಡು ತಿಂಗಳಿಂದ ಅದು ಬೇಗ ಖಾಲಿಯಾಗುತ್ತಿರುವುದು ಏಕೆಂದು ಈಗ ತಿಳಿಯಿತು. ಹಸಿರು ಕೊಡೆಯನ್ನು ಎತ್ತಿಟ್ಟಿರು, ಮಂಡ್ಯದ ಬಿಸಿಲಿಗೆ ಬೇಕಾಗುತ್ತದೆ.