ಅನುದಾನ ಅರ್ಜಿಯ ಕರಡು: ಶುಕ್ರವಾರದೊಳಗೆ ನೋಡಿ

ಎಲ್ಲರಿಗೂ ನಮಸ್ಕಾರ. ಹವಾಮಾನದ ನಿರ್ಣಾಯಕ ತಿರುವುಗಳ (ಟಿಪ್ಪಿಂಗ್ ಪಾಯಿಂಟ್, ಅಂದರೆ ದಾಟಿದರೆ ವ್ಯವಸ್ಥೆ ಬೇರೆ ಸ್ಥಿತಿಗೆ ಹೊರಳುವ ಹಂತ) ಮುನ್ಸೂಚನೆ ಸಂಶೋಧನೆಗೆ ಅನುದಾನ ಕೋರುವ ಕರಡು ಗುಂಪಿನಲ್ಲಿದೆ. ದತ್ತಾಂಶ, ಬಜೆಟ್ ಭಾಗದವರು ಶುಕ್ರವಾರ ಸಂಜೆ 6ರೊಳಗೆ ತಿದ್ದುಪಡಿ ಕಳಿಸಿ.

ವ್ಯವಸ್ಥೆ ತಿರುವಿಗೆ ಹತ್ತಿರವಾದಂತೆ ಸಣ್ಣ ಆಘಾತಗಳಿಂದ ಚೇತರಿಕೆ ನಿಧಾನವಾಗಿ, ಏರಿಳಿತವೂ ಸ್ವಸಹಸಂಬಂಧವೂ (ಈಗಿನ ಮೌಲ್ಯ ಹಿಂದಿನದನ್ನು ಹೋಲುವ ಪ್ರಮಾಣ) ಸಾಮಾನ್ಯವಾಗಿ ಹೆಚ್ಚುತ್ತವೆ. ಆದರೆ ನಡುವೆ ಉಪಗ್ರಹವೋ ಸೆನ್ಸರೋ ಬದಲಾದರೂ ಇಂಥದೇ ಲಕ್ಷಣ ಕಾಣಬಹುದು. ಇದರಿಂದ ಸುಳ್ಳು ಎಚ್ಚರಿಕೆ ಹುಟ್ಟಬಹುದು. ಆದ್ದರಿಂದ ಪ್ರತಿ ದತ್ತಾಂಶ ಸರಣಿಗೂ ಉಪಕರಣ ಬದಲಾದ ದಿನಾಂಕ ನಮೂದಿಸಿ. ಋತುಚಕ್ರ, ದೀರ್ಘಾವಧಿ ಪ್ರವೃತ್ತಿ ಎರಡನ್ನೂ ತೆಗೆದು, ವಿಂಡೋ (ಒಮ್ಮೆಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಅವಧಿ) ಅಳತೆ ಬದಲಿಸಿ ಮತ್ತೆ ಲೆಕ್ಕ ಹಾಕಿ.

ಬಜೆಟ್‌ನಲ್ಲಿ ಉಪಕರಣದ ಬೆಲೆಯಷ್ಟೇ ಸಾಲದು, ನಿರ್ವಹಣೆ ಮತ್ತು ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೇ ಎಂದು ಹೊಂದಿಸುವ) ಖರ್ಚೂ ಬೇಕು. ಅಟ್ಲಾಂಟಿಕ್‌ನ 26.5 ಡಿಗ್ರಿ ಉತ್ತರದಲ್ಲಿ 2004ರಿಂದ ನಡೆದಿರುವ ಸಾಗರ ಪರಿಚಲನೆಯ ಮಾಪನಕ್ಕೆ ಮಹತ್ವ ಬಂದಿರುವುದು ಅದು ಮುಂದುವರಿದದ್ದಕ್ಕೇ.

ಶನಿವಾರ ಬೆಳಿಗ್ಗೆ 11ಕ್ಕೆ ಮಲ್ಲೇಶ್ವರದಲ್ಲಿ ಸಭೆ. ಬರುವವರು ಇಲ್ಲೇ ತಿಳಿಸಿ.