ದಾದಿ, ಇದು ನಿಮಗೆ

ಕಳೆದ ಭಾನುವಾರ ಸಿಂಧಿ ಲೇಖಕಿ ಪೋಪಟಿ ಹೀರಾನಂದಾನಿಯವರ ಬದುಕಿನ ಬಗ್ಗೆ ನಾನು ಬರೆದದ್ದನ್ನು ನಮ್ಮ ಕನ್ನಡ ಬಳಗದ ಮುಂದೆ ಓದಿ ಮುಗಿಸಿದೆ. ನಲವತ್ತು ಪುಟ ಬರೆಯೋಕೆ ಎರಡು ವರ್ಷ ಹಿಡಿಯಿತು. ನಡುವೆ ಎಂಟು ತಿಂಗಳು ಒಂದು ಸಾಲೂ ಬರೆಯಲಿಲ್ಲ. ಯಾಕೆ ಅಂತ ಹತ್ತಿರದವರಿಗೆಲ್ಲ ಗೊತ್ತು.

ಕರಡು ತಿದ್ದಿಕೊಟ್ಟ ಗೆಳತಿಗೆ, ಸೋಮವಾರ ಸಂಜೆಯ ಅಡುಗೆ ತಾನೇ ಮಾಡಿದ ಗಂಡನಿಗೆ, ಲೋಕಲ್ ಟ್ರೇನ್ ಹಿಡಿದು ಅಷ್ಟು ದೂರದಿಂದ ಬಂದು ಎರಡು ಗಂಟೆ ಕೂತು ಕೇಳಿದ ನಿಮಗೆಲ್ಲ ನನ್ನ ನಮಸ್ಕಾರ. ಉಳಿದದ್ದನ್ನು, ಪೋಪಟಿಯವರ ಪುಸ್ತಕ ನನಗೆ ಓದಿ ಅರ್ಥ ಹೇಳಿದ ದಾದಿಗೆ ಬರೆಯಬೇಕು. ಅವರಿಗೆ ಕನ್ನಡ ಓದಲು ಬರೋದಿಲ್ಲ. ನಾನೇ ಹೋಗಿ ಹಿಂದಿಯಲ್ಲಿ ಹೇಳುತ್ತೇನೆ.

ದಾದಿ ಇರೋದು ಮುಂಬೈ ಹತ್ತಿರದ ಉಲ್ಲಾಸನಗರದಲ್ಲಿ, ಕ್ಯಾಂಪ್ ನಂಬರ್ ನಾಲ್ಕರಲ್ಲಿ. ಕಲ್ಯಾಣದ ಹತ್ತಿರದ ಮಿಲಿಟರಿ ಬ್ಯಾರಕ್ಕುಗಳಲ್ಲಿ ವಿಭಜನೆಯಾದಾಗ ಸಿಂಧ್ ಬಿಟ್ಟು ಬಂದವರನ್ನು ಇಳಿಸಿದ್ದರಲ್ಲ, ಅದೇ ಮುಂದೆ ಊರಾಯಿತು. ಕ್ಯಾಂಪ್ ಅನ್ನೋ ಹೆಸರು ಮಾತ್ರ ಹೋಗಲಿಲ್ಲ. ದಾದಿ ಕರಾಚಿಯಿಂದ ಹಡಗಿನಲ್ಲಿ ಬಂದಾಗ ಮೂರು ವರ್ಷದ ಮಗು. ಈಗ ವಯಸ್ಸು ಎಂಬತ್ತು ದಾಟಿದೆ. ಸಿಂಧಿಯಲ್ಲಿ ದಾದಿ ಅಂದರೆ ದೊಡ್ಡಕ್ಕ. ನಮ್ಮಲ್ಲಿ ದಾದಿ ಅಂದರೆ ಯಾರು ಅಂತ ಹೇಳಿದಾಗ ಅವರಿಗೆ ಖುಷಿಯಾಗಿತ್ತು.

ನನಗೆ ಪೋಪಟಿ ಅನ್ನೋ ಹೆಸರೇ ಸರಿಯಾಗಿ ಗೊತ್ತಿರಲಿಲ್ಲ. ಮರಾಠಿಯ ಪೋಪಟ್, ಅಂದರೆ ಗಿಳಿ ಇರಬೇಕು ಅಂದುಕೊಂಡಿದ್ದೆ. ದಾದಿ ಮೊದಲ ದಿನವೇ ತಿದ್ದಿದರು. ಸಿಂಧಿಯಲ್ಲಿ ಪೋಪಟ್ ಅಂದರೆ ಚಿಟ್ಟೆ. 1924ರಲ್ಲಿ ಸಿಂಧಿನ ಹೈದರಾಬಾದಿನಲ್ಲಿ ಹುಟ್ಟಿದ ಈ ಹುಡುಗಿ ಚಿಕ್ಕ ವಯಸ್ಸಿಗೇ ತಂದೆಯನ್ನು ಕಳೆದುಕೊಂಡಳು. ವಿಭಜನೆಯಲ್ಲಿ ಊರೂ ಹೋಯಿತು. ಆಮೇಲೆ ಮುಂಬೈಯಲ್ಲಿ ಪಾಠ ಹೇಳುತ್ತಾ ಕೆ.ಸಿ. ಕಾಲೇಜಿನ ಸಿಂಧಿ ವಿಭಾಗದ ಮುಖ್ಯಸ್ಥೆಯಾದರು. ಆ ಕಾಲೇಜನ್ನು ಕಟ್ಟಿದ್ದೂ ಹೈದರಾಬಾದಿನಿಂದ ಬಂದವರೇ. ಕತೆ, ಕವಿತೆ, ಕಾದಂಬರಿ, ವಿಮರ್ಶೆ ಎಲ್ಲ ಬರೆದರು. 1982ರಲ್ಲಿ ಆತ್ಮಕಥೆಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕದ ಹೆಸರನ್ನು ಕನ್ನಡದಲ್ಲಿ 'ನನ್ನ ಬದುಕಿನ ಚಿನ್ನ ಬೆಳ್ಳಿಯ ಹಾಳೆಗಳು' ಅನ್ನಬಹುದು.

ಒಂದು ಮಾತು ನನ್ನನ್ನು ಬಿಡದೆ ಕಾಡಿತು. ನಮಗೆ 1956ರಲ್ಲಿ ಒಂದು ರಾಜ್ಯ ಸಿಕ್ಕಿತು. ಸಿಂಧಿಗಳ ನೆಲ ಪೂರ್ತಿ ಗಡಿಯಾಚೆ ಉಳಿಯಿತು. ಸಂವಿಧಾನದ ಎಂಟನೇ ಅನುಸೂಚಿಗೆ ಅವರ ಭಾಷೆ ಸೇರಿದ್ದೇ 1967ರ ಏಪ್ರಿಲ್‌ನಲ್ಲಿ. ಊರಿಲ್ಲದ ಭಾಷೆಯನ್ನು ದಿನಾ ತರಗತಿಯಲ್ಲಿ ನಿಂತು ಕಲಿಸೋದು ಎಂಥ ಕೆಲಸ, ಅಲ್ವಾ?

ದಾದಿಯ ಹತ್ತಿರ ಇರೋ ಆ ಆತ್ಮಕಥೆ ಅರಬ್ಬಿ ಲಿಪಿಯದು. ನನಗೆ ಅದು ಬರೋದಿಲ್ಲ. ಸೋಮವಾರ ಸಂಜೆ ಅವರು ಓದುತ್ತಿದ್ದರು, ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ಒಂದೊಂದೇ ಮಾತಿನ ಅರ್ಥ ಹೇಳುತ್ತಿದ್ದರು. ಸಿಂಧಿಯಲ್ಲಿ ಉಸಿರನ್ನು ಒಳಕ್ಕೆ ಎಳೆದು ನುಡಿಯುವ ನಾಲ್ಕು ಅಕ್ಷರಗಳಿವೆ. ದೇವನಾಗರಿಯಲ್ಲಿ ಅವಕ್ಕೆ ಕೆಳಗೊಂದು ಗೆರೆ ಹಾಕುತ್ತಾರೆ. ನಾನೂ ಹಾಗೇ ಹಾಕಿಕೊಂಡೆ. 'ಬಾರು' ಅಂತ ನಮ್ಮ ಹಾಗೆ ಅಂದರೆ ಹೊರೆ, ಭಾರ. ತುಟಿ ಮುಚ್ಚಿ ಉಸಿರನ್ನು ಒಳಗೆಳೆದು ಅಂದರೆ ಮಗು. ನಾನು ಎಷ್ಟೋ ಕಡೆ ಮಗುವನ್ನು ಹೊರೆ ಅಂತ ಬರೆದಿದ್ದೆ. ದಾದಿ ತಮ್ಮ ತುಟಿಗೆ ನನ್ನ ಬೆರಳು ಇಟ್ಟುಕೊಂಡು ತೋರಿಸಿಕೊಟ್ಟರು.

ವರದಕ್ಷಿಣೆಗೆ ಸಿಂಧಿಗಳು ಡೇತಿ-ಲೇತಿ ಅನ್ನುತ್ತಾರೆ. ಕೊಡೋದು, ತಗೊಳ್ಳೋದು. ಹೈದರಾಬಾದಿನ ಆಮಿಲರಲ್ಲಿ, ಅಂದರೆ ಓದಿ ಸರ್ಕಾರಿ ಕೆಲಸ ಹಿಡಿದ ಸಿಂಧಿಗಳಲ್ಲಿ, ಅದರ ಕಾಟ ಜಾಸ್ತಿ ಇತ್ತು. ಪೋಪಟಿ ಅದರ ವಿರುದ್ಧ ನಿಂತರು, ಕೊನೆಯವರೆಗೂ ಮದುವೆಯಾಗಲಿಲ್ಲ. ಆ ಭಾಗ ಬರೆದುಕೊಳ್ಳುವಾಗ ನನ್ನ ಕೈ ನಿಂತಿತು. ನನ್ನ ಮದುವೆಗೆ ಅಮ್ಮ ಅಡವಿಟ್ಟ ಬಳೆ ಇವತ್ತಿಗೂ ವಾಪಸ್ ಬಂದಿಲ್ಲ.

ಅದಾಗಿ ಮೂರೇ ವಾರಕ್ಕೆ ಆ ರಾತ್ರಿ ಬಂತು. ಗಂಡ ಊರಲ್ಲಿರಲಿಲ್ಲ. ಯಾರಿಗೆ ಫೋನ್ ಮಾಡಿದೆನೋ ನೆನಪಿಲ್ಲ. ಹನ್ನೊಂದೂವರೆಗೆ ದಾದಿ ಆಟೋ ಇಳಿದು ಬಂದರು. ಕೈಯಲ್ಲಿ ಒಂದು ಡಬ್ಬಿ, ಅದರೊಳಗೆ ಈರುಳ್ಳಿ ಹಾಕಿದ ಕೋಕಿ, ಸಿಂಧಿಗಳ ದಪ್ಪ ರೊಟ್ಟಿ. "ತಿನ್ನು, ಬೆಳಗಿನವರೆಗೆ ಕೂರಬೇಕು" ಅಂದರು. ಐಸಿಯು ಹೊರಗಿನ ಆ ಕಬ್ಬಿಣದ ಬೆಂಚಿನ ಮೇಲೆ ಮಂಡಿನೋವಿನ ಹೆಂಗಸು ರಾತ್ರಿಯಿಡೀ ನನ್ನ ಪಕ್ಕ ಕೂತಿದ್ದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ನನ್ನ ಕೈ ಹಿಡಿದು ಸುಮ್ನೆ ಕೂತಿದ್ದರು.

ಅಮ್ಮ ನಾಲ್ಕು ಗಂಟೆಗೆ ಹೋದಳು. ನಾನು ಕಿರುಚಿದೆ. ಹುಟ್ಟಿದಾಗಿನಿಂದ ಅವಳಿಗೆ ಭಾರವಾಗಿಯೇ ಉಳಿದೆ ಅಂದೆ. ಬಳೆ, ಸಾಲ, ಏನೇನೋ ಅಂದೆ. ದಾದಿ ನನ್ನ ಬೆರಳು ತೆಗೆದು ತಮ್ಮ ತುಟಿಗೆ ಇಟ್ಟುಕೊಂಡರು. "ಬಾರು" ಅಂದರು. ಉಸಿರು ಒಳಕ್ಕೆ ಹೋಯಿತು.

ಆಮೇಲಿನ ಎಂಟು ತಿಂಗಳಲ್ಲಿ ಅವರು ಒಮ್ಮೆಯೂ ಬರವಣಿಗೆ ಎಲ್ಲಿಗೆ ಬಂತು ಅಂತ ಕೇಳಲಿಲ್ಲ. ಸೋಮವಾರ ಸಂಜೆ ಫೋನ್ ಮಾಡಿ ಊಟ ಆಯ್ತಾ ಅಂತಷ್ಟೇ ಕೇಳುತ್ತಿದ್ದರು. ಒಂದು ಸೋಮವಾರ ನಾನೇ ಹೋದೆ. ಪುಸ್ತಕ ಅದೇ ಪುಟಕ್ಕೆ ತೆರೆದು ಬೋರಲು ಇಟ್ಟಿತ್ತು.

ಭಾನುವಾರ ದಾದಿ ಮುಂದಿನ ಸಾಲಿನಲ್ಲಿದ್ದರು. ಒಂದು ಮಾತೂ ಅರ್ಥವಾಗದೆ ಎರಡು ಗಂಟೆ ಕೂತರು. ಆ ಒಂದು ಶಬ್ದ ಬಂದಾಗ ಮಾತ್ರ ತಲೆಯೆತ್ತಿ ನೋಡಿದರು. ಸರಿಯಾಗಿ ಅಂದೆ ಅಂತ ತಲೆಯಾಡಿಸಿದರು.

ದಾದಿ, ಸೋಮವಾರ ಬರ್ತೀನಿ. ಈ ಸಲ ಪೋಪಟಿಯವರ ಕತೆಗಳು. ಕೋಕಿ ನಾನು ಮಾಡಿ ತರ್ತೀನಿ, ನೀವು ಪುಸ್ತಕ ತೆಗೆದಿಟ್ಟಿರಿ.